ಫೇಸ್ ಬದಲಾಯಿಸಿದ್ದು ನಾನೇ

ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಮೀಟರ್ ಬೋರ್ಡಿನ ಪಕ್ಕಕ್ಕೆ ಒಂದು ತಿರುಗಿಸುವ ಸ್ವಿಚ್ ಇದೆ. ಒಂದು ಫೇಸಿನಲ್ಲಿ ಕರೆಂಟ್ ಮಂಕಾದರೆ ಇನ್ನೊಂದಕ್ಕೆ ತಿರುಗಿಸುವುದು ನಮ್ಮ ಬೀದಿಯವರಿಗೆಲ್ಲ ರೂಢಿ. ಅದರಲ್ಲಿ ನನ್ನದು ಎತ್ತಿದ ಕೈ.

ಮಗಳ ಅರಿಶಿನ ಶಾಸ್ತ್ರದ ಹಿಂದಿನ ದಿನ ಬೆಳಿಗ್ಗೆ ದೀಪಗಳು ಮಿಣಮಿಣ ಎನ್ನತೊಡಗಿದವು. "ಲೈನ್‌ಮನ್ ಬರ್ಲಿ, ಮುಟ್ಬೇಡ ಕಣೇ" ಎಂದು ನಮ್ಮ ಯಜಮಾನರು ಹೇಳುತ್ತಿದ್ದಂತೆಯೇ ನಾನು ತಿರುಗಿಸಿಬಿಟ್ಟೆ. ಟ್ಯೂಬ್‌ಲೈಟ್ ಕಣ್ಣು ಕುಕ್ಕುವಂತೆ ಉರಿಯಿತು. ಫ್ಯಾನಿಗೆ ಹುಚ್ಚು ಹಿಡಿಯಿತು. ಕಂಪ್ಯೂಟರಿನ ಹಿಂದಿನಿಂದ ಟಪ್ ಎಂಬ ಸದ್ದು! ಮೇನ್ ಆಫ್ ಮಾಡುವಷ್ಟರಲ್ಲಿ ಸುಟ್ಟ ವಾಸನೆ ಹಾಲ್ ತುಂಬಿತ್ತು.

ಆ ಕಂಪ್ಯೂಟರಿನೊಳಗೇ ಅತ್ತೆಯ ಸೋಬಾನೆ ಪದಗಳಿದ್ದವು. ಊರಿನ ಯಾವ ಮದುವೆಗಾದರೂ ಹಾಡುತ್ತಿದ್ದವರು ಅವರೇ. ಕಳೆದ ವರ್ಷ ಗಂಟಲಿನ ಆಪರೇಷನ್ ಆಗಿ ದನಿಯೇ ಹೋಯಿತು, ಈಗ ಎಲ್ಲ ಕೈಸನ್ನೆ. ಮೊಮ್ಮಗಳಿಗೆ ಅರಿಶಿನ ಹಚ್ಚುವಾಗ ತಮ್ಮ ಹಾಡು ಕೇಳಿಸಬೇಕು ಎಂಬುದೊಂದೇ ಅವರ ಆಸೆ. ಆಪರೇಷನ್‌ಗೆ ಮುಂಚೆ ಅದನ್ನು ರೆಕಾರ್ಡ್ ಮಾಡಿದವಳು ನಾನು, ಬೇರೆಲ್ಲೂ ನಕಲು ಇಡದ ದಡ್ಡಿಯೂ ನಾನೇ.

ಮಧ್ಯಾಹ್ನ ಲೈನ್‌ಮನ್ ಬಂದು, ಕಂಬದಲ್ಲಿ ನ್ಯೂಟ್ರಲ್ ತಂತಿ ಕಿತ್ತುಹೋಗಿ ಒಂದು ಫೇಸಿನಲ್ಲಿ ಮಂಕು, ಇನ್ನೊಂದರಲ್ಲಿ ವಿಪರೀತ ಕರೆಂಟ್ ಬರುತ್ತಿತ್ತು ಎಂದು ಹೇಳಿ, ಸರಿಮಾಡಿ ಹೋದ. ನಾನು ಸ್ವಿಚ್ಚಿನ ಮಾತೆತ್ತದೆ, ಎಲ್ಲರೆದುರು ಆ ಕಂಬಕ್ಕೇ ಚೆನ್ನಾಗಿ ಬೈದೆ. ಕಂಪ್ಯೂಟರ್ ಬಟನ್ ಎಷ್ಟು ಒತ್ತಿದರೂ ಮಿಸುಕಲಿಲ್ಲ.

"ಅಂಗಡಿಗೆ ಕೊಡೋಣ" ಎಂದರು ಯಜಮಾನರು.

"ಅಂಗಡಿಯವ್ನು ನೋಡೋಷ್ಟ್ರಲ್ಲಿ ನಿಮ್ ಮಗಳು ಬಾಣಂತನಕ್ಕೆ ಬಂದಿರ್ತಾಳೆ. ಸ್ಕ್ರೂಡ್ರೈವರ್ ಕೊಡ್ರೀ."

ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿದೆ. ಒಳಗೆ ಎಲ್ಲದಕ್ಕೂ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿ ಸುಟ್ಟಿರುವುದು ಮೂಗಿಗೇ ಗೊತ್ತಾಯಿತು. ಮಗಳು ಓದುವಾಗ ಬಳಸಿದ್ದ ಇನ್ನೊಂದು ಕಂಪ್ಯೂಟರ್ ಅಟ್ಟದ ಮೇಲಿತ್ತು. ಅದರ ಡಬ್ಬಿ ಬಿಚ್ಚಿ ತಂದು, ಬಿಚ್ಚುವ ಮೊದಲೇ ಫೋನಿನಲ್ಲಿ ತೆಗೆದಿಟ್ಟ ವೈರುಗಳ ಫೋಟೋ ನೋಡಿಕೊಂಡು ಒಂದೊಂದೇ ವೈರ್ ಸಿಕ್ಕಿಸಿದೆ. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಬೀಪ್ ಬೀಪ್ ಎಂದು ಒಂದೇ ಸಮನೆ ಕೂಗು. ನನ್ನ ಹತ್ತಿರ ಇದರ ಆಟ ನಡೆಯುತ್ತದೆಯೇ? ಮತ್ತೆ ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿಯನ್ನು ಹೊರಗೆಳೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಟಕ್ ಎನ್ನುವಂತೆ ಕೂರಿಸಿದೆ. ಪರದೆ ಬೆಳಗಿತು.

"ನೋಡಿದ್ರಾ!" ಎಂದೆ.

ಅತ್ತೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಮೊದಲು ಪೆನ್‌ಡ್ರೈವ್‌ಗೆ ನಕಲು ಮಾಡಿ, ಆಮೇಲೆ ಹಾಡು ಹಾಕಿದೆ. ಹಾಡಿಗೂ ಮುಂಚೆ ಅವರ ಹಳೆಯ ಕಂಚಿನ ಕಂಠ ಗದರಿತು:

"ಏನಮ್ಮೀ, ಆನ್ ಮಾಡ್ಬುಟ್ಯಾ? ನಾನಿನ್ನೂ ನೀರೇ ಕುಡ್ದಿಲ್ಲ. ಯಾವ್ ಸ್ವಿಚ್ ಕಂಡ್ರೂ ಇಂಗೇ ನೀನು, ಯೋಳೋಗಂಟ ತಡ್ಯಲ್ಲ!"

ಯಜಮಾನರು ಬಿದ್ದು ಬಿದ್ದು ನಕ್ಕರು. ಅತ್ತೆ ನನ್ನತ್ತ ಬೆರಳು ತೋರಿಸಿ, ನಿಧಾನಕ್ಕೆ ಅದನ್ನು ಮೀಟರ್ ಬೋರ್ಡಿನ ಕಡೆ ತಿರುಗಿಸಿದರು. ಅವರಿಗೆ ಎಲ್ಲ ಗೊತ್ತಿತ್ತು!

"ಹೂಂ ಅತ್ತೆ, ತಿರುಗ್ಸಿದ್ದು ನಾನೇ" ಎಂದೆ. ಅವರ ಬೈಗುಳ ಕೇಳಿ ಒಂದು ವರ್ಷವಾಗಿತ್ತು. ಅಳು ತಡೆಯಲಾಗಲಿಲ್ಲ.

ಹಾಡು ಶುರುವಾಗುತ್ತಿದ್ದಂತೆ ನಿಲ್ಲಿಸಿ, ಆ ಬೈಗುಳವನ್ನೇ ಮತ್ತೊಂದು ಸಲ ಹಾಕಿದೆ.