ಚುರುಮುರಿಯ ಕಾವಲುಗಾರರು

ಮೊನ್ನೆ ಮುಂಡಗೋಡದಲ್ಲಿ, ಶಾಲೆಯ ಬೇವಿನ ಮರದ ಕೆಳಗೆ, ನನ್ನ ಮೊಮ್ಮಗಳು ನನ್ನ ಹೆಬ್ಬೆರಳು ಕಚ್ಚಿದಳು. ಹಲ್ಲಿನ ಗುರುತು ಊರಿಗೆ ಬರುವ ತನಕ ಇತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ತೋರಿಸಿದೆ. ಆಕೆ ಅಯ್ಯೋ ಅಂದಳು, ನಾನು ನಕ್ಕೆ. ಐದು ವರ್ಷದಿಂದ ಆ ಹುಡುಗಿ ನನ್ನ ಕೈತುತ್ತು ತಿಂದಿರಲಿಲ್ಲ ಎಂಬುದು ಆಕೆಗೆ ಹೇಗೆ ಗೊತ್ತಾಗಬೇಕು? ಖುಷಿ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಕಲಿತದ್ದು ಮೂರನೇ ಇಯತ್ತೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ಸಣ್ಣವಳಿದ್ದಾಗ ಅವಳಿಗೆ ಬೇರೆ ತಾಟು ಅಂತ ಇರಲೇ ಇಲ್ಲ. ನನ್ನ ತಾಟೇ ಅವಳದು. ರೊಟ್ಟಿ ಮುರಿದು ಪಲ್ಯ ಸೇರಿಸಿ ಬಾಯಿಗಿಟ್ಟರೆ ಬೆರಳನ್ನೂ ಸೇರಿಸಿ ಕಚ್ಚುವಳು. "ರೊಟ್ಟಿಕಿಂತ ಬಳ್ಳನ ರುಚಿ ಐತಿ ಆಯಿ" ಅನ್ನುವಳು.

ಕೊರೊನಾದ ಎರಡನೇ ವರ್ಷ ನನಗೆ ಜ್ವರ ಬಂತು. ಮೊದಲ ವಾರ ಬರೀ ಮೈಕೈ ನೋವು. ಕಷಾಯ ಕುಡಿದು ಹೊದ್ದುಕೊಂಡು ಮಲಗಿದೆ. ಎಂಟನೆಯ ದಿನ ಪಡಸಾಲೆಯಿಂದ ಹಿತ್ತಲಿಗೆ ಹೋಗುವಷ್ಟರಲ್ಲಿ ಉಸಿರು ಸಾಲದೆ ಗೋಡೆ ಹಿಡಿದು ನಿಂತೆ. ಹುಬ್ಬಳ್ಳಿಗೆ ಒಯ್ದರು. ಹನ್ನೆರಡು ದಿನ ಮೂಗಿಗೆ ಆಕ್ಸಿಜನ್ ಹಚ್ಚಿ, ಬೋರಲು ಮಲಗಿಸಿ, ಸೂಜಿ ಮೇಲೆ ಸೂಜಿ ಚುಚ್ಚಿದರು. ಬದುಕಿದೆ. ಮನೆಗೆ ಬಂದಾಗ ಮೂರನೇ ಇಯತ್ತೆಯ ಮೊಮ್ಮಗಳು ಬಾಗಿಲ ಹತ್ತಿರ ನಿಂತು ನೋಡಿದಳು. ಓಡಿ ಬರಲಿಲ್ಲ. ಅವತ್ತಿನಿಂದ ತನ್ನದೊಂದು ತಾಟು ತೊಳೆದುಕೊಂಡು ಹೊಸ್ತಿಲ ಹತ್ತಿರ ಕೂತು ಉಣ್ಣತೊಡಗಿದಳು. ಕರೆದರೆ "ನಂಗ ಇಲ್ಲೇ ಚಲೋ ಐತಿ" ಅನ್ನುವಳು. ಮಗು ಹೆದರಿದೆ, ನಾಳೆ ಬಂದೀತು ಅಂದುಕೊಂಡೆ. ಆ ನಾಳೆ ಬರಲಿಕ್ಕೆ ಐದು ವರ್ಷ ಹಿಡಿಯಿತು.

ಈ ವರ್ಷ ಅವಳು ಎಂಟನೇ ಇಯತ್ತೆ. ಶಾಲೆಗಳ ವಿಜ್ಞಾನ ಪ್ರದರ್ಶನ ಅಂತ ಬಂತು. ಉಳಿದ ಮಕ್ಕಳು ಜ್ವಾಲಾಮುಖಿ, ಗಾಳಿಯಂತ್ರ ಅಂತ ಮಾಡಿದರೆ ಇವಳು ನನ್ನ ಹತ್ತಿರ ಬಂದು ನಿಂತಳು.

"ಆಯಿ, ಒಣಗಿದ ತುಪ್ಪದ ಹೀರಿಕಾಯಿ ಎರಡ ಬೇಕಾಗಿತ್ತು."

"ಯಾಕ, ಮೈ ತಿಕ್ಕೋಳಾಕೇನ?"

"ಶ್ವಾಸಕೋಶ ಮಾಡಾಕ."

"ಯಾರದು?"

"ನಿಂದು."

ನನ್ನ ಎದೆಯೊಳಗಿನದು ಹೀರೇಕಾಯಿಯ ನಾರಿನಂತಿದೆ ಎಂದು ಆಗ ತಿಳಿಯಿತು! ಸಿಪ್ಪೆ ಸುಲಿದು, ಬೀಜ ಉದುರಿಸಿ ಕೊಟ್ಟೆ. ವೈರಸ್ಸಿಗೆ ಹಿತ್ತಲಿನ ಔಡಲದ ಕಾಯಿ ತಂದಳು. ಮೈತುಂಬ ಮುಳ್ಳು, ಟಿವಿಯಲ್ಲಿ ತೋರಿಸುತ್ತಿದ್ದರಲ್ಲ, ಥೇಟು ಅದೇ. ರಕ್ತದಲ್ಲಿ ರೋಗದ ಜೊತೆ ಹೊಡೆದಾಡುವ ಬಿಳಿ ಕಣಗಳಿಗೆ ಚುರುಮುರಿ. ನಮ್ಮ ಯಜಮಾನರು ಹೋಗುತ್ತ ಬರುತ್ತ ಒಂದೊಂದು ಮುಕ್ಕು ತಿಂದರು.

"ಅಜ್ಜಾ, ನೀ ಆಯಿ ರಕ್ತ ತಿನ್ನಾಕತ್ತಿ."

"ನಾ ಏನ್ ಇವತ್ತ ತಿನ್ನಾಕತ್ತೇನೇನವಾ? ನಲವತ್ತ ವರ್ಷ ಆತು" ಎಂದರು. ಅವರ ಬಾಯಿಗೆ ಬೀಗವಿಲ್ಲ.

ಪ್ರದರ್ಶನದ ದಿನ ಯಜಮಾನರೂ ನಾನೂ ಮುಂಡಗೋಡಕ್ಕೆ ಹೋದೆವು. ನಾನು ಬುತ್ತಿ ಕಟ್ಟಿಕೊಂಡಿದ್ದೆ. ಪರೀಕ್ಷೆ ಮಾಡಲು ಹಳಿಯಾಳದ ಕಡೆಯಿಂದ ಒಬ್ಬ ಮಾಸ್ತರರು ಬಂದಿದ್ದರು, ಕನ್ನಡಕದ ಮೇಲಿನಿಂದ ನೋಡುವವರು. ಮೊಮ್ಮಗಳು ಬಾಯಿಪಾಠ ಶುರು ಮಾಡಿದಳು. "ನಮ್ಮ ದೇಹದಲ್ಲಿ ಬಿಳಿ ರಕ್ತಕಣಗಳು ರೋಗಾಣುಗಳನ್ನು..." ಅಲ್ಲಿಗೆ ನಿಂತಿತು. ಮುಂದಿನದು ಮರೆತಿತ್ತು. ನನ್ನ ಕಡೆ ನೋಡಿದಳು. ಆಮೇಲೆ ಮನೆಯ ಮಾತಿಗೆ ಇಳಿದಳು.

"ಸರ್, ನಮ್ಮ ಹೊಲ ಕಾಡಿಗೆ ಹತ್ತಿಕೊಂಡ ಐತಿ. ಗೋವಿನಜೋಳ ಹಾಲಗಾಳ ಆದಾಗ ಮಂಗ್ಯಾ ಬರ್ತಾವು. ಒಂದ ಮಧ್ಯಾಹ್ನ ನಮ್ಮ ಆಯಿ ಕಾವಲ ಕುಂತಿದ್ಳು. ಕುಂತಾಕಿ ನಿದ್ದಿ ಹೊಡದ್ಳು."

ಸುತ್ತಲಿನವರೆಲ್ಲ ನನ್ನ ಕಡೆ ತಿರುಗಿದರು. ಸೆರಗು ಸರಿಮಾಡಿಕೊಂಡೆ. ಆ ಕಥೆ ನಮ್ಮ ಓಣಿ ದಾಟಿರಲಿಲ್ಲ, ಈಗ ತಾಲೂಕಿಗೇ ಆಯಿತು.

"ಮಂಗ್ಯಾ ಹೊಲದಾಗ ಹೊಕ್ಕು ಅರ್ಧ ತಾಸಾದಮ್ಯಾಲ ಆಯಿಗೆ ಎಚ್ಚರಾತು. ಬೊಬ್ಬಿ ಹೊಡದು ಓಣಿ ಮಂದಿನೆಲ್ಲಾ ಕರದ್ಳು. ಹತ್ತ ಮಂದಿ ಬಡಿಗಿ ಹಿಡಕೊಂಡು, ಡಬ್ಬಿ ಬಡಕೋಂತ ಒಳಗ ನುಗ್ಗಿದ್ರು. ಮಂಗ್ಯಾ ತೆನಿ ಹಿಡಕೊಂಡು ಮರಾ ಏರಿ ಕುಂತವು. ನಮ್ಮ ಮಂದಿ ಮಾತ್ರ ನಿಲ್ಲಲಿಲ್ಲ, ಇರಲಾರದ ಮಂಗ್ಯಾನ ಹುಡುಕ್ಯಾಡಿ ಬೆಳಿನೆಲ್ಲಾ ತುಳದ್ರು. ಜೋರ ಕೊರೊನಾ ಬಂದವ್ರ ಎದಿಯೊಳಗೂ ಹಿಂಗ ಆಗತೈತಿ ಸರ್."

ಹೀರೇಕಾಯಿಯ ಒಂದು ತುದಿಯಿಂದ ಊದಿದಳು. ಇನ್ನೊಂದು ತುದಿಯಲ್ಲಿ ಕಾಗದದ ಚೂರು ಹಾರಿತು. ಔಡಲದ ಕಾಯಿ ಎರಡು ತುರುಕಿದಳು, ಆಗಲೂ ಹಾರಿತು. ಆಮೇಲೆ ಮುಷ್ಟಿ ಮುಷ್ಟಿ ಚುರುಮುರಿ ತುಂಬಿ ನೀರು ಹೊಯ್ದಳು. ಚುರುಮುರಿ ನೆನೆದು ಮುದ್ದೆಯಾಗಿ ತೂತುಗಳಿಗೆಲ್ಲ ಅಂಟಿಕೊಂಡಿತು. ಕೆನ್ನೆ ಉಬ್ಬಿಸಿ ಊದಿದಳು. ಕಾಗದ ಅಲುಗಲಿಲ್ಲ.

ನನ್ನ ಉಸಿರು ಅವತ್ತು ಎಲ್ಲಿ ಸಿಕ್ಕಿಕೊಂಡಿತ್ತು ಎಂದು ಕಣ್ಣಾರೆ ಕಂಡೆ. ರೋಗ ದಾರಿ ಕಟ್ಟಿದ್ದಕ್ಕಿಂತ ನನ್ನ ಕಡೆಯವರೇ ಹೆಚ್ಚು ಕಟ್ಟಿದ್ದರಂತೆ. ಬಿಳಿ ಕಣಗಳಲ್ಲಿ ಒಂದು ಜಾತಿ ತನ್ನ ಮೈಯೊಳಗಿನ ನೂಲನ್ನೇ ಹೊರಗೆಸೆದು ಬಲೆ ಬೀಸುತ್ತದೆ, ಆ ಬಲೆ ಹೆಚ್ಚಾದರೆ ಗಾಳಿಗೂಡುಗಳಿಗೇ ತೊಡಕು ಎಂದಳು. ಪಾಪ, ನನಗಾಗಿ ಇಷ್ಟೆಲ್ಲ ಒದ್ದಾಡಿದವಲ್ಲ, ಅವುಗಳ ಮೇಲೆ ಸಿಟ್ಟು ಬರಲಿಲ್ಲ.

ಮಾಸ್ತರರು ಕೇಳಿದರು, "ಹಂಗಾದ್ರ ಮೊದಲ ದಿನಾನ ಕಾವಲಗಾರರನ್ನ ಸುಮ್ಮನ ಕುಂದ್ರಸೋ ಔಷಧ ಕೊಟ್ರ ಆತಲ್ಲ?"

"ಬ್ಯಾಡ್ರಿ ಸರ್. ಮೊದಲ ಕಾವಲ ಬೇಕ ಬೇಕು, ಇಲ್ಲಾಂದ್ರ ಮಂಗ್ಯಾ ಪೂರಾ ತಿಂತಾವು. ಉಸಿರ ಸಾಲದಂಗಾದಾಗ ಡಾಕ್ಟರ್ ಅಳತಿ ನೋಡಿ ಸ್ಟಿರಾಯ್ಡ್ ಕೊಡ್ತಾರ, 'ಸಾಕು, ಬಡಿಗಿ ಕೆಳಗ ಇಡ್ರಿ' ಅಂದಂಗ. ನಮ್ಮ ಆಯಿಗೂ ಅದನ್ನ ಕೊಟ್ಟಿದ್ರು."

"ಶಾಬಾಸ್. ಮತ್ತ ಸಣ್ಣ ಹುಡುಗರಿಗೆ ಯಾಕ ಅಷ್ಟ ಜೋರ ಆಗಲಿಲ್ಲ?"

"ಸಣ್ಣವ್ರ ಮೂಗಿನಾಗ ಕಾವಲು ಬಾಗಿಲದಾಗ ಎಚ್ಚರ ಇರತೈತಿ ಸರ್, ಬಂದ ಕೂಡ್ಲೆ ಕೂಗತೈತಿ. ವಯಸ್ಸಾದವ್ರಿಗೆ ಭಾಳ ಸಲ ಕೂಗೂದು ತಡಾ ಆಗತೈತಿ. ನಂಗೂ..." ದನಿ ಸಣ್ಣದಾಯಿತು. "ಆಯಿಗಿಂತ ಮೊದಲ ನಂಗ ಮೂಗ ಸೋರಿತ್ತು. ಎರಡ ದಿನದಾಗ ಹೋತು. ಆವಾಗ ಆಯಿ ತಾಟಿನಾಗ ಉಣ್ಣಾಕತ್ತಿದ್ದೆ. ನಾನ ತಂದಿದ್ದು."

ಅಯ್ಯೋ ನನ್ನವ್ವಾ! ಇದಕ್ಕೇ ಹೊಸ್ತಿಲೇ? ಐದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೇರೆ ತಾಟಿನಲ್ಲಿ ಉಂಡಳೇ? ಎದ್ದು ನಿಂತೆ. ನನ್ನ ಹೊಟ್ಟೆಯಲ್ಲೂ ಒಂದು ಗುಟ್ಟಿತ್ತು, ಅಷ್ಟೇ ವರ್ಷದ್ದು.

"ಏ ಕೂಸ, ತಡಿ. ಸರ್, ನೀವೂ ಕೇಳ್ರಿ. ನಾ ಜ್ವರ ಬರೂಕಿಂತ ಮೂರ್ನಾಕ ದಿನ ಮೊದಲ ಮಳಗಿ ಊರಿಗೆ ಕುಬಸಕ್ಕ ಹೋಗಿದ್ನಿ."

ನನ್ನ ತಂಗಿಯ ಮಗಳು ಚೊಚ್ಚಲ ಬಸುರಿ, ಅವಳ ಸೀಮಂತ. ಯಾರೂ ಎಲ್ಲಿಗೂ ಹೋಗಕೂಡದು ಎಂದು ಮಗ ಕೈಮುಗಿದು ಹೇಳಿದ್ದ. ಸೌದೆಗೆ ಹೋಗುತ್ತೇನೆ ಎಂದು ಹೇಳಿ, ಹೊಸ ಸೀರೆಯನ್ನು ಹಳೇ ಚೀಲದಲ್ಲಿ ಮುಚ್ಚಿಟ್ಟುಕೊಂಡು, ಹಾಲಿನ ಗಾಡಿ ಹತ್ತಿ ಹೋಗಿದ್ದೆ. ಬಾಗಿಲು ಹಾಕಿಕೊಂಡು ಒಂದೇ ಕೋಣೆಯಲ್ಲಿ ಇಪ್ಪತ್ತು ಹೆಂಗಸರು ಸೋಬಾನೆ ಹಾಡಿದೆವು. ಆಸ್ಪತ್ರೆಯಲ್ಲಿ ಕೇಳಿದಾಗಲೂ ಬಾಯಿ ಬಿಡಲಿಲ್ಲ.

ಯಜಮಾನರು ಬೆರಗಾಗಿ ನೋಡಿದರು. "ಅದಕ್ಕ ಅವತ್ತ ಮನ್ಯಾಗ ಊಟ ಬ್ಯಾಡ ಅಂದಿ? ನಾ ಒಬ್ಬಾಂವ ತಂಗಳ ರೊಟ್ಟಿ ತಿಂದ್ನೆಲ್ಲ ಮಾರಾಯ್ತಿ!"

ಮಾಸ್ತರರು ನಕ್ಕರು. ಮೊಮ್ಮಗಳು ನಗಲಿಲ್ಲ. "ಹಂಗಂತ ನೀನ ತಂದಿ ಅನ್ನಾಕೂ ಬರಂಗಿಲ್ಲ ಆಯಿ. ಯಾರಿಂದ ಯಾರಿಗೆ ಬಂತು ಅಂತ ಈಗ ಹೇಳಾಕ ಆಗೂದಿಲ್ಲ" ಎಂದಳು, ಖರೇ ಡಾಕ್ಟರಮ್ಮನ ಹಾಗೆ.

"ಆಗಂಗಿಲ್ಲಲ್ಲ? ಹಂಗಾದ್ರ 'ನಾನ ತಂದಿದ್ದು' ಅಂತ ನೀ ಹೆಂಗ ಹೇಳಿದಿ?" ಎಂದೆ.

ಅವಳು ಹೀರೇಕಾಯಿಯೊಳಗಿನ ನೆನೆದ ಚುರುಮುರಿ ತೋಡಿ ತೆಗೆಯತೊಡಗಿದಳು.

ಬಹುಮಾನ ಜ್ವಾಲಾಮುಖಿಗೆ ಹೋಯಿತು, ಹೋಗಲಿ. ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆ. ಅವಳು ತನ್ನ ಪಾಲಿನ ರೊಟ್ಟಿ, ಹೆಸರುಕಾಳಿನ ಪಲ್ಯ ತೆಗೆದುಕೊಂಡು ಎಂದಿನಂತೆ ಕಟ್ಟೆಯ ಆಚೆ ತುದಿಗೆ ಹೋಗಿ ಕೂತಳು. ನಾನು ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೇಳಿದಳು.

"ಆಯಿ, ಕುಬಸದಾಗ ಏನ ಮಾಡಿದ್ರು?"

"ಹೋಳಿಗಿ."

ಒಂದು ಗೇಣು ಈಚೆ ಸರಿದಳು. "ಎಷ್ಟ ತಿಂದಿ?"

"ನಾಕ. ಮ್ಯಾಲ ಒಂದ."

ಇನ್ನೊಂದು ಗೇಣು. "ಮಾಸ್ಕ್?"

"ಹಾಳಾದ್ದು ಚೀಲದಾಗ ಮಡಚಿ ಇಟ್ಟಿದ್ನಿ. ಹೋಳಿಗಿ ಹೆಂಗ ತಿನ್ನಬೇಕ ಮತ್ತ?"

ನಗು ತಡೆಯಲಾಗಲಿಲ್ಲ ಅವಳಿಗೆ. ಬಾಯಿ ಅಗಲ ತೆರೆದು ನಕ್ಕಳು, ಅಜ್ಜನ ತಂಗಳ ರೊಟ್ಟಿ ನೆನೆಸಿಕೊಂಡು ಮತ್ತೆ ನಕ್ಕಳು. ಅಷ್ಟರಲ್ಲಿ ನನ್ನ ಪಕ್ಕಕ್ಕೇ ಬಂದಿದ್ದಳು. ಸಿಕ್ಕಿದ್ದೇ ಹೊತ್ತು ಎಂದು ರೊಟ್ಟಿ ಮುರಿದು, ಪಲ್ಯ ಸೇರಿಸಿ, ಆ ತೆರೆದ ಬಾಯಿಗೆ ಇಟ್ಟುಬಿಟ್ಟೆ.

ಕಚ್ಚಿದಳು. ಮೂರನೇ ಇಯತ್ತೆಯ ಹಲ್ಲಲ್ಲ, ಈಗ ಎಲ್ಲ ದೊಡ್ಡ ಹಲ್ಲು.