ಕೂರುವುದನ್ನು ಕಲಿತ ದೊಡ್ಡಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಆಗಲೇ ಹಬೆ ಕವಿದಿದೆ. ಒದ್ದೆ ಹಾಸುಬಟ್ಟೆಯ ಒಂದು ಮೂಲೆಯನ್ನು ದೊಡ್ಡಕ್ಕ ಹಿಡಿದರೆ ಇನ್ನೊಂದನ್ನು ಅವರ ನಾದಿನಿ ಹಿಡಿಯುತ್ತಾರೆ. ಪಟಾರನೆ ಒಂದು ಸಲ ಕೊಡವಿ, ಸುಕ್ಕು ಬಿಡಿಸಿ, ಬಿಸಿ ರೋಲರ್‌ನ ಬಾಯಿಗೆ ಕೊಡುತ್ತಾರೆ. ಆ ಕಡೆಯಿಂದ ಅದು ಕಾಗದದ ಹಾಗೆ ಚಪ್ಪಟೆಯಾಗಿ ಹೊರಬರುತ್ತದೆ. ಅಷ್ಟರಲ್ಲಿ ಮುಂದಿನದು ಕೈಯಲ್ಲಿರುತ್ತದೆ. ಯಂತ್ರದ ಸದ್ದಿಗೆ ಮಾತಾಡಿದರೂ ಕೇಳುವುದಿಲ್ಲ, ಹಾಗಾಗಿ ಮಾತೂ ಇಲ್ಲ. ಮೇಲಿನ ವಾರ್ಡುಗಳಿಗೆ ದಿನಕ್ಕೆ ಸಾವಿರದಷ್ಟು ಹಾಸಿಗೆ ಬಟ್ಟೆ ಹೋಗುವುದು ಈ ಕೋಣೆಯಿಂದಲೇ.

ಸ್ವಲ್ಪ ಹೊತ್ತಿಗೆ ಗಂಟೆ ಬಾರಿಸುತ್ತದೆ. ಇಬ್ಬರೂ ಕೈ ಒರೆಸಿಕೊಂಡು ಗೋಡೆ ಪಕ್ಕದ ಬೆಂಚಿಗೆ ಬರುತ್ತಾರೆ. ಅವರ ಜಾಗದಲ್ಲಿ ಇನ್ನಿಬ್ಬರು ನಿಲ್ಲುತ್ತಾರೆ. ದೊಡ್ಡಕ್ಕ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚುತ್ತಾರೆ. ಏನೂ ಮಾಡುವುದಿಲ್ಲ. ಹೀಗೆ ಏನೂ ಮಾಡದೆ ಕೂರುವುದು ಅವರಿಗೆ ಸುಲಭವಾಗಿ ದಕ್ಕಿದ್ದಲ್ಲ.

ಮದುವೆಯಾದ ಹೊಸತರಲ್ಲೇ ಅವರು ಈ ಕೆಲಸಕ್ಕೆ ಸೇರಿದ್ದು. ಈಗ ವಿಭಾಗಕ್ಕೇ ಹಿರಿಯರು. ಮೇಲಿನ ನರ್ಸುಗಳಿಗೂ ಅವರು ದೊಡ್ಡಕ್ಕನೇ. ಗಂಡ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದರು. ಒಂದು ದಿನ ನಿಲ್ಲಲು ಕಟ್ಟಿದ್ದ ಸಾರುವೆಯಿಂದ ಬಿದ್ದು ಸೊಂಟ ಹೋಯಿತು. ಅಲ್ಲಿಂದ ಮನೆಯ ಭಾರವೆಲ್ಲ ಇವರ ತಲೆಗೆ ಬಂತು. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ದರ್ಜಿ ಅಂಗಡಿಯಲ್ಲಿ ಹೊಲಿಗೆ, ಸಂಜೆ ಅಡುಗೆ, ಪಾತ್ರೆ, ಗಂಡನ ಆರೈಕೆ.

"ನಮ್ಮ ಬೀದಿಯವ್ರೆಲ್ಲ, ದೊಡ್ಡಕ್ಕ ಮನುಷ್ಯಳಲ್ಲ ಕಣ್ರೀ, ಮೆಷಿನ್ನು ಅಂತಿದ್ರು. ಕೇಳಿ ಕೇಳಿ ನಾನೂ ಒಂದು ಸುತ್ತು ದಪ್ಪ ಆಗ್ತಿದ್ದೆ," ಎನ್ನುತ್ತಾರೆ. ನಗು ತುಟಿಯವರೆಗೆ ಬಂದು ನಿಲ್ಲುತ್ತದೆ. "ಮಗಳು ಸ್ಕೂಲಿಂದ ಬಂದು ಏನೇನೋ ಹೇಳೋಳು. ನಾನು ತಟ್ಟೆ ಮುಂದೇನೇ ತೂಕಡಿಸ್ತಿದ್ದೆ. ಆಮೇಲಾಮೇಲೆ ಅವಳು ಹೇಳೋದನ್ನೇ ಬಿಟ್ಟಳು. ಬಿಟ್ಟಿದ್ದು ನನಗೆ ಗೊತ್ತೂ ಆಗ್ಲಿಲ್ಲ ನೋಡಿ."

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರು ನಿಂತಲ್ಲೇ ನಿದ್ದೆ ಹೋದರು. ಬಟ್ಟೆ ಹಿಡಿದ ಬಲಗೈ ಬಟ್ಟೆಯ ಜೊತೆಗೇ ರೋಲರ್‌ನತ್ತ ಸರಿಯಿತು. ಪಕ್ಕದಲ್ಲಿದ್ದ ನಾದಿನಿ ಕಿರುಚಿಕೊಂಡು ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತದಿದ್ದರೆ ಕೈಯೇ ಇರುತ್ತಿರಲಿಲ್ಲ. ಎರಡು ಬೆರಳು ಸುಟ್ಟು ಹೋದವು. ಇವತ್ತಿಗೂ ಅವು ಮಡಚುವುದಿಲ್ಲ.

ನೆಲಮಾಳಿಗೆಯಿಂದ ಅವರನ್ನು ಮೇಲಿನ ವಾರ್ಡಿಗೆ ಒಯ್ದರು. ಅಷ್ಟು ವರ್ಷ ತಾವೇ ಇಸ್ತ್ರಿ ಮಾಡಿ ಕಳಿಸುತ್ತಿದ್ದ ಹಾಸಿಗೆ ಬಟ್ಟೆಯ ಮೇಲೆ ಅವರು ಮೊದಲ ಸಲ ಮಲಗಿದ್ದು ಆಗ. ಔಷಧಿಯ ಮಂಪರೋ, ವರ್ಷಗಳ ಬಾಕಿ ನಿದ್ದೆಯೋ, ಎರಡು ದಿನ ಎಚ್ಚರವೇ ಇಲ್ಲದ ಹಾಗೆ ಮಲಗಿದರು. ಕಣ್ಣು ಬಿಟ್ಟವರೇ ಕೇಳಿದ್ದು, "ಕೆಳಗೆ ನನ್ನ ಜಾಗದಲ್ಲಿ ಯಾರಿದ್ದಾರೆ?"

"ಯಾರೋ ಇದ್ದಾರೆ ಅತ್ತಿಗೆ," ಎಂದರು ನಾದಿನಿ. "ನೀವಿಲ್ದೇನೂ ಬಟ್ಟೆ ಒಣಗ್ತಾ ಇದೆ. ಸುಮ್ನೆ ಮಲ್ಕೊಳ್ಳಿ."

"ಮೊದ್ಲು ಸಿಟ್ಟು ನೆತ್ತಿಗೇರಿತು," ಎಂದು ದೊಡ್ಡಕ್ಕ ನೆನೆಯುತ್ತಾರೆ. "ಆಮೇಲೆ ಅಳು ಬಂತು. ನಾನು ಯಾರಿಗೂ ಬೇಡವಾದೆ ಅಂತ ಅಲ್ಲ ಅತ್ತಿದ್ದು. ಇಷ್ಟು ದಿನ ಯಾರಿಗೋಸ್ಕರ ಹೀಗೆ ಓಡಿದೆ ಅಂತ ನನಗೇ ತಿಳೀಲಿಲ್ಲ."

ಕೈ ವಾಸಿಯಾಗಿ ಕೆಲಸಕ್ಕೆ ಬಂದ ದಿನವೇ ಅವರು ಮೇಲ್ವಿಚಾರಕರ ಕೋಣೆಗೆ ಹೋದರು. ರೋಲರ್ ಮುಂದೆ ಒಬ್ಬರೇ ಹೊತ್ತುಗಟ್ಟಲೆ ನಿಲ್ಲುವುದು ಬೇಡ, ಸರದಿ ಮೇಲೆ ನಿಲ್ಲೋಣ, ನಡುವೆ ಕೂರಲು ಒಂದು ಬೆಂಚು ಹಾಕಿಸಿ ಎಂದು ಕೇಳಿದರು. ಎಲ್ಲರೂ ಕೂತರೆ ಕೆಲಸ ನಿಂತುಹೋಗುತ್ತದೆ ಎಂದರು ಮೇಲ್ವಿಚಾರಕರು.

"ನಿಂತ ಕೆಲ್ಸ ಮತ್ತೆ ಶುರು ಆಗತ್ತೆ ಸಾರ್. ಈ ಬೆರಳು ಆಗಲ್ಲ," ಎಂದು ದೊಡ್ಡಕ್ಕ ಕೈಯನ್ನು ಮೇಜಿನ ಮೇಲಿಟ್ಟರು. ಬಾಗಿಲ ಹೊರಗೆ ವಿಭಾಗದ ಹೆಂಗಸರೆಲ್ಲ ಬಂದು ನಿಂತಿದ್ದರು. ಮೇಲ್ವಿಚಾರಕರು ಆ ಕೈಯನ್ನು ನೋಡಿದರು, ಬಾಗಿಲ ಕಡೆಗೂ ನೋಡಿದರು. ಕೊನೆಗೆ, "ಒಂದು ತಿಂಗಳು ನೋಡೋಣ," ಎಂದರು.

ಮೊದಮೊದಲು ಬಟ್ಟೆ ತಡವಾಯಿತು, ವಾರ್ಡಿನಿಂದ ಬೈಗುಳ ಬಂತು. ಸರದಿ ಕೈಹತ್ತುವವರೆಗೆ ದೊಡ್ಡಕ್ಕ ಎಲ್ಲರ ಮಾತನ್ನೂ ನುಂಗಿಕೊಂಡರು. ನಿಧಾನಕ್ಕೆ ಎಲ್ಲ ಹದಕ್ಕೆ ಬಂತು. ಮೇಲ್ವಿಚಾರಕರ ಆ ಒಂದು ತಿಂಗಳು ಯಾವಾಗ ಮುಗಿಯಿತೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಂದಿನಿಂದ ಆ ಕೋಣೆಯಲ್ಲಿ ಯಾರ ಕೈಯೂ ಸುಟ್ಟಿಲ್ಲ.

ಮನೆಯಲ್ಲಿನ ಬದಲಾವಣೆ ಇದಕ್ಕಿಂತ ಕಷ್ಟದ್ದಾಗಿತ್ತು. ಹೊಲಿಗೆ ಬಿಟ್ಟರು, ಕೈ ಬಿಗಿಹಿಡಿದು ಬದುಕುವುದು ಅನಿವಾರ್ಯವಾಯಿತು. ಗಂಡ ಎತ್ತರದ ಸ್ಟೂಲಿನ ಮೇಲೆ ಕೂತು ಅಡುಗೆ ಮಾಡುವುದನ್ನು ಕಲಿತರು. "ನಾನು ಬಿದ್ದಾಗಿಂದ ಇವಳು ನನ್ನ ಕೈಗೆ ಒಂದು ಲೋಟ ತೊಳೆಯೋಕೂ ಕೊಟ್ಟಿರ್ಲಿಲ್ಲ," ಎನ್ನುತ್ತಾರೆ ಅವರು, ತರಕಾರಿ ಹೆಚ್ಚುತ್ತಲೇ. "ಸೊಂಟ ಹೋಗಿದ್ದಕ್ಕಿಂತ ಅದೇ ಜಾಸ್ತಿ ನೋವು ಕೊಟ್ಟಿತ್ತು. ಈಗ ನಾನೂ ಈ ಮನೇಲಿ ಇದ್ದೀನಿ ಅನ್ಸತ್ತೆ."

ಮಗಳ ಮಾತು ಅಷ್ಟು ಬೇಗ ಮರಳಿ ಬರಲಿಲ್ಲ. ಸಂಜೆಗಳಲ್ಲಿ ದೊಡ್ಡಕ್ಕ ಅವಳ ಪಕ್ಕ ಸುಮ್ಮನೆ ಕೂರತೊಡಗಿದರು. ಎಷ್ಟೋ ದಿನ ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಒಂದು ಸಂಜೆ, ಜೀವದ ಗೆಳತಿ ಊರು ಬಿಟ್ಟು ಹೋದಳೆಂದು ಹೇಳಿ ಅತ್ತಳು. ಗೆಳತಿ ಹೋಗಿ ಆಗಲೇ ತಿಂಗಳುಗಳಾಗಿದ್ದವು.

ಹಾಗೆಂದು ದೊಡ್ಡಕ್ಕನಿಗೆ ವಿಶ್ರಾಂತಿ ಪೂರ್ತಿ ಒಗ್ಗಿದೆ ಎಂದಲ್ಲ. ರಜೆಯ ಮಧ್ಯಾಹ್ನ ಅಡ್ಡಾದರೂ ಬಾಗಿಲ ಸದ್ದಾದರೆ ಸಾಕು, ಧಡಕ್ಕನೆ ಎದ್ದು ಪೊರಕೆ ಹಿಡಿಯುತ್ತಾರೆ. "ಹಗಲು ಮಲಗಿದ್ರೆ ಏನೋ ಕದ್ದ ಹಾಗೆ ಅನ್ಸತ್ತೆ. ಏನು ಮಾಡೋದು, ಅಭ್ಯಾಸ," ಎಂದು ಮುಖ ತಿರುಗಿಸುತ್ತಾರೆ.

ಮುಂದಿನ ಆಸೆ ಏನೆಂದು ಕೇಳಿದರೆ ಹೇಳುತ್ತಾರೆ: "ದೊಡ್ಡದೇನಿಲ್ಲ. ಯಾರಾದ್ರೂ ಮನೆಗೆ ಬಂದು ಅಮ್ಮ ಎಲ್ಲಿ ಅಂತ ಕೇಳ್ಬೇಕು. ಮಲಗಿದ್ದಾಳೆ ಅಂತ ಮಗಳು ಹೇಳ್ಬೇಕು. ಅಯ್ಯೋ, ಮೈ ಹುಷಾರಿಲ್ವಾ ಅಂತ ಅವ್ರು ಕೇಳ್ಬಾರ್ದು. ಅಷ್ಟೇ."