ಮೆಟ್ಟಿಲಿಲ್ಲದ ಗುಡಿ

ಆ ಬೆಳಿಗ್ಗೆ ಗಂಜಿ ಆರಿಸುತ್ತಿದ್ದಾಗಲೇ ಅತ್ತೆ ಬಿಳಿ ಸೀರೆ ಕೇಳಿದರು. ಕುಕ್ಕರ್ ಸೀಟಿ ಹಾಕುತ್ತಿತ್ತು, ಯಜಮಾನರು ಶೇವ್ ಮಾಡಿಕೊಳ್ಳುತ್ತಿದ್ದರು.

"ಇಸ್ತ್ರಿ ಮಾಡೀಯೇನವ್ವಾ? ಗುಡಿಗೆ ಕಲ್ಲು ಇಡೋ ದಿನ, ಸುಕ್ಕು ಸೀರಿ ಉಟ್ಕೊಂಡು ಹೋಗ್ಲೇನು?"

ಅತ್ತೆ ಬೀದರಿನವರು. ಚರ್ಚಿಗೆ ಗುಡಿ ಎನ್ನುವುದೇ ಅವರಿಗೆ ರೂಢಿ. ನಮ್ಮ ಕನ್ನಡ ಕ್ರೈಸ್ತ ಸಭೆ ಭಾನುವಾರ ಸೇರುತ್ತಿದ್ದುದು ಬಾಡಿಗೆ ಹಾಲಿನಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಸೊಂಟ ಮುರಿದ ಮೇಲೆ ಅತ್ತೆ ಅಲ್ಲಿಗೆ ಹತ್ತಿಲ್ಲ. ಶಂಶಾಬಾದ್ ಕಡೆ, ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಸಭೆ ಜಾಗ ಕೊಂಡಾಗ ಅವರು ಕೇಳಿದ್ದು ಒಂದೇ: "ಮೆಟ್ಟಿಲು ಇಡಬ್ಯಾಡ್ರಿ." ಕಣ್ಣು ಮುಚ್ಚುವ ಮುಂಚೆ ಒಮ್ಮೆ ಎಲ್ಲರ ನಡುವೆ ಕೂತು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬೇಕು, ಅಷ್ಟೇ ಆಸೆ.

ಪಾಸ್ಟರು ಸದ್ದಿಲ್ಲದೆ ಮುಗಿಸೋಣ ಅಂದಿದ್ದರು. ಅತ್ತೆ ಒಪ್ಪಲಿಲ್ಲ. "ಮಂದಿಗಿ ಹೇಳ್ದೇ ಕಲ್ಲು ಇಡ್ತಾರೇನ್ರಿ? ಕಳ್ಳರೇನು ನಾವು?" ಹಾಗಾಗಿ ಹಿಂದಿನ ಸಂಜೆ ನಾನೂ ಯಜಮಾನರೂ ಆ ಬೀದಿಯ ಮನೆ ಮನೆಗೆ ಹೋಗಿ ಲಾಡು ಕೊಟ್ಟು ಕರೆದಿದ್ದೆವು. ಎಲ್ಲರೂ ನಗುತ್ತಲೇ ತೆಗೆದುಕೊಂಡರು.

ಕರೆದವರು ಬಂದರು. ಗುರುತಿಲ್ಲದವರೂ ಬಂದರು, ಇಲ್ಲಿ ಚರ್ಚು ಬೇಡ ಎಂದು ಕೂಗುತ್ತ. ತೋಡಿದ ಪಾಯಕ್ಕೆ ಯಾರೋ ಕಾಲಿನಿಂದ ಮಣ್ಣು ನೂಕಿದರು. ನಿನ್ನೆ ಮೊಮ್ಮಗಳಿಗೆಂದು ಇನ್ನೊಂದು ಲಾಡು ಕೇಳಿ ಪಡೆದ ನೆರೆಯ ಹಿರಿಯರೊಬ್ಬರು ಪಕ್ಕದಲ್ಲೇ ನಿಂತು ತಮ್ಮ ಚಪ್ಪಲಿ ಕೊಡವಿಕೊಳ್ಳುತ್ತಿದ್ದರು. ಪರ್ಮಿಷನ್ ಇದೆ ಎಂದು ಪಾಸ್ಟರು ಹೇಳುತ್ತಲೇ ಇದ್ದರು. ಪೊಲೀಸರು ಮೆಲ್ಲಗೇ ಅಂದರು: ಗಲಾಟೆ ಬೇಡ, ಸದ್ಯಕ್ಕೆ ನಿಲ್ಲಿಸಿ. ಸದ್ಯಕ್ಕೆ ಅಂದರೆ ಎಲ್ಲಿಯವರೆಗೆ? ಕೇಳಲು ಬಾಯಿ ತೆರೆದೆ. ಕಾನ್ವೆಂಟಿನಲ್ಲಿ ಕಲಿತ "ಪ್ಲೀಸ್, ಸರ್" ಬಿಟ್ಟು ಬೇರೇನೂ ಬರಲಿಲ್ಲ.

ಆಟೋದಲ್ಲಿದ್ದ ಅತ್ತೆ ಇಳಿಯಲೇ ಇಲ್ಲ. ಮನೆಗೆ ಬಂದು ಆ ಸೀರೆಯಲ್ಲೇ ಗೋಡೆ ಕಡೆ ಮುಖ ಮಾಡಿ ಮಲಗಿದರು. ಊಟ ಬೇಡ, ಮಾತ್ರೆ ಬೇಡ.

"ಪಾಸ್ಟರು ಮನೆಗೇ ಬಂದು ಕೊಡ್ತಾರೆ, ಅತ್ತೆ," ಎಂದೆ.

"ಒಬ್ಬಾಕಿನೇ ಉಣ್ಣೋ ಊಟ ಅಲ್ಲವ್ವಾ ಅದು."

ಅವರ ಬೆನ್ನು ಏರಿಳಿಯುತ್ತಿದೆಯೇ ಎಂದು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ.

ಸಂಜೆ ಬಟ್ಟೆ ತೆಗೆಯಲು ಹೋದಾಗ ಪಕ್ಕದ ಮನೆಯಾಕೆ, ಕಲಬುರಗಿಯವಳು, ಕಾಂಪೌಂಡಿನಾಚೆ ಇದ್ದಳು.

"ಅತ್ತಿ ಹೆಂಗದಾರ್ರಿ ಅಕ್ಕಾ?"

"ಏನೂ ತಿಂದಿಲ್ಲ."

"ಅಯ್ಯ, ಪಾಪ." ಟವೆಲ್ ಮಡಚುತ್ತ ಅಂದಳು: "ಆದ್ರೂ ಒಂದ್ ನಮೂನಿ ಛಲೋನೇ ಆತ್ ಬಿಡ್ರಿ. ಗುಡಿ ಆಗಿದ್ರ ರವಿವಾರ ನಮ್ಮ ಗಾಡಿ ನಿಂದ್ರಸಾಕ್ ಜಾಗಾನೇ ಸಿಗ್ತಿದ್ದಿಲ್ಲ."